ಊರಿನ ಹಟ್ಟಿಯಲ್ಲಿ ಎರಡು ದನ, ಮುಂಬಯಿಯಲ್ಲಿ ಮಕ್ಕಳು

ಮುಂಬಯಿ: ಉದ್ಯೋಗ, ವ್ಯಾಪಾರ, ಹೊಟೇಲು ಉದ್ಯಮವನ್ನು ಅರಸಿ ಮಹಾನಗರಕ್ಕೆ ಬಂದು ನೆಲೆಯೂರಿದ ತುಳು-ಕನ್ನಡಿಗರ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಏಳುವ ಒಂದು ಮಾತಿದೆ. 'ಅಮ್ಮನನ್ನು ಒಂದೆರಡು ತಿಂಗಳ ಮಟ್ಟಿಗೆ ಇಲ್ಲಿಗೆ ಕರೆದುಕೊಂಡು ಬರೋಣ' ಎಂಬುದೇ ಆ ಮಾತು. ಟಿಕೇಟು ಕಾದಿರಿಸುವ ಹಂತಕ್ಕೆ ಬಂದಾಗ ಊರಿನಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿ ಒಂದೇ. 'ನಾನು ಅಲ್ಲಿಗೆ ಬಂದರೆ ದನಗಳಿಗೆ ಅಕ್ಕಚ್ಚು ಕೊಡುವವರು ಯಾರು?'

1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಮುಂಬಯಿ ಮತ್ತು ಕರಾವಳಿಯ ನಡುವಿನ ದಾರಿ ಒಂದು ರಾತ್ರಿಯ ಪ್ರಯಾಣಕ್ಕೆ ಇಳಿದಿದೆ. ಡೊಂಬಿವಲಿ, ಮುಲುಂಡ್, ಮೀರಾರೋಡ್, ಕಾಂದಿವಲಿಯಿಂದ ಹೊರಟವರು ಮರುದಿನ ಉಡುಪಿ, ಕುಂದಾಪುರ, ಸುರತ್ಕಲ್ ನಿಲ್ದಾಣಗಳಲ್ಲಿ ಇಳಿಯುತ್ತಾರೆ. ಮಕ್ಕಳು ಊರಿಗೆ ಹೋಗುವುದು ಇಷ್ಟು ಸುಲಭವಾದರೂ, ತಾಯಂದಿರು ಊರು ಬಿಟ್ಟು ಬರುವುದು ಮಾತ್ರ ಸುಲಭವಾಗಿಲ್ಲ. ಮನೆಯ ಹಿಂದಿನ ಹಟ್ಟಿಯಲ್ಲಿ ಕಟ್ಟಿರುವ ಎರಡು ದನ, ಒಂದು ಕರು, ಅಂಗಳದ ಹತ್ತು ಕೋಳಿ, ಜಗಲಿಯ ನಾಯಿ ಇವು ಅವರನ್ನು ಅಲ್ಲೇ ಕಟ್ಟಿ ಹಾಕಿವೆ. ಹಾಗೆ ನೋಡಿದರೆ ಅವರನ್ನು ಎತ್ತಿ ನಿಲ್ಲಿಸಿರುವುದೂ ಅವೇ. ಈ ಹಟ್ಟಿಯನ್ನು ಉಳಿಸಿಕೊಳ್ಳಬೇಕೇ, ಬರಿದು ಮಾಡಬೇಕೇ ಎಂಬ ಪ್ರಶ್ನೆ ಇಂದು ಹೊರನಾಡಿನ ಅನೇಕ ಕುಟುಂಬಗಳ ಮುಂದಿದೆ.

ಎರಡೆಕರೆಯ ಸಂಸಾರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಿಡುವಳಿಗಳು ಬಹುತೇಕ ಚಿಕ್ಕವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾನೂನಿನ ತಿದ್ದುಪಡಿಯಿಂದಾಗಿ ಗೇಣಿಗೆ ದುಡಿಯುತ್ತಿದ್ದ ಒಕ್ಕಲು ಕುಟುಂಬಗಳು ತಾವು ಉಳುತ್ತಿದ್ದ ಭೂಮಿಯ ಒಡೆಯರಾದವು. ಡಿಕ್ಲರೇಷನ್ ಕೊಟ್ಟು ಪಡೆದ ಆ ಎಕರೆ, ಎರಡೆಕರೆ ಭೂಮಿಯಲ್ಲಿಯೇ ಒಂದು ತಲೆಮಾರು ಮಕ್ಕಳನ್ನು ಓದಿಸಿತು. ಆ ಮಕ್ಕಳಲ್ಲಿ ಅನೇಕರು ಮುಂಬಯಿ, ಪುಣೆಗೆ ಬಂದು ಹಗಲು ಕೆಲಸ, ರಾತ್ರಿ ಶಾಲೆ ಎಂದು ಬದುಕು ಕಟ್ಟಿಕೊಂಡವರು.

ಈ ಚಿಕ್ಕ ಹಿಡುವಳಿಯ ಲೆಕ್ಕಾಚಾರವನ್ನು ತಿಳಿದವರಿಗೆ ಹಟ್ಟಿಯ ಬೆಲೆ ಗೊತ್ತು. ಕೆಳಗೆ ಬೈಲು ಗದ್ದೆ, ಬದಿಯಲ್ಲಿ ಅಡಿಕೆ ಅಥವಾ ತೆಂಗಿನ ತೋಟ, ಮೇಲೆ ಗುಡ್ಡೆ, ನಡುವೆ ಮನೆ. ಗುಡ್ಡೆಯ ಸೊಪ್ಪು ಮತ್ತು ತರಗೆಲೆ ಹಟ್ಟಿಗೆ ಬರುತ್ತದೆ. ದನದ ಕಾಲಡಿಯಲ್ಲಿ ಅದು ಸೆಗಣಿ, ಗಂಜಲದೊಂದಿಗೆ ತುಳಿದು ಕೊಳೆತು ಗೊಬ್ಬರವಾಗುತ್ತದೆ. ಮಳೆಗಾಲಕ್ಕೆ ಮೊದಲು ಆ ಗೊಬ್ಬರ ತಲೆಹೊರೆಯಲ್ಲಿ ಗದ್ದೆಗೆ ಇಳಿಯುತ್ತದೆ. ಗದ್ದೆಯ ಭತ್ತ ಮನುಷ್ಯರಿಗೆ, ಬೈಹುಲ್ಲು ದನಗಳಿಗೆ, ಅಕ್ಕಿ ಮಾಡಿಸುವಾಗ ಸಿಗುವ ತೌಡು ಕರೆಯುವ ದನಕ್ಕೆ, ನುಚ್ಚು ಕೋಳಿಗೆ. ಅಕ್ಕಿ ತೊಳೆದ ನೀರು, ಅನ್ನದ ತೆಳಿ, ತರಕಾರಿ ಸಿಪ್ಪೆ, ಹಲಸಿನ ಗುಜ್ಜೆಯ ಸಿಪ್ಪೆ, ಬಾಳೆದಿಂಡು ಯಾವುದೂ ಹೊರಗೆ ಬೀಳುವುದಿಲ್ಲ. ಮನೆಯಲ್ಲಿ ಕಸದ ಬುಟ್ಟಿ ಎಂಬ ವಸ್ತುವೇ ಇಲ್ಲದ ಕಾಲ ಅದಾಗಿತ್ತು. ಹಟ್ಟಿಯ ಪಕ್ಕದ ಮಣ್ಣಿನ ಬಾನಿಯೇ ಎಲ್ಲಕ್ಕೂ ಉತ್ತರ.

ಇದಕ್ಕೆ ಗೋಬರ್ ಗ್ಯಾಸ್ ಸೇರಿಕೊಂಡದ್ದು ಆಮೇಲೆ. ಒಂದು ಘನ ಮೀಟರ್ ಗಾತ್ರದ ಸ್ಥಾವರಕ್ಕೆ ದಿನಕ್ಕೆ ಸುಮಾರು 25 ಕಿಲೋ ಸೆಗಣಿ ಬೇಕು. ಎರಡು, ಮೂರು ದನ ಇದ್ದ ಮನೆಯಲ್ಲಿ ಚಹಾ, ಗಂಜಿ, ಸಾರಿಗೆ ಬೇಕಾದಷ್ಟು ಉರಿ ಅದರಿಂದಲೇ ಸಿಕ್ಕಿತು. ಹೊಗೆಯಿಂದ ಕಣ್ಣುರಿಸಿಕೊಳ್ಳುತ್ತಿದ್ದ ಹೆಂಗಸರಿಗೆ ಬಿಡುಗಡೆಯಾಯಿತು. ಹೊರಬಂದ ಬಗ್ಗಡ ತೋಟದ ಬುಡ ಸೇರಿತು.

ಬೆಳಗ್ಗೆ ಐದರಿಂದ ರಾತ್ರಿ ಎಂಟರ ತನಕ

ಹಟ್ಟಿ ಇರುವ ಮನೆಯ ದಿನ ಕೋಳಿ ಕೂಗುವುದರಿಂದಲೇ ಆರಂಭವಾಗುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಒಲೆಗೆ ನೀರಿಟ್ಟು, ಹಟ್ಟಿಯ ದೀಪ ಹಾಕಿದೊಡನೆ ದನಗಳು ಎದ್ದು ನಿಲ್ಲುತ್ತವೆ. ಮೊದಲು ಸೆಗಣಿ ಬಾಚುವುದು, ನೆಲಕ್ಕೆ ನೀರು ಹೊಯ್ಯುವುದು, ಬಾನಿಗೆ ಹಿಂಡಿ ಕಲಸುವುದು. ಬಳಿಕ ಕರುವನ್ನು ಬಿಟ್ಟರೆ ಅದು ನೇರ ತಾಯಿಯ ಕೆಚ್ಚಲಿಗೆ ಹಣೆ ಹೊಡೆಯುತ್ತದೆ. ದನ ಸೊರ ಬಿಟ್ಟದ್ದು ಕರುವಿನ ಬಾಯಿಯ ನೊರೆಯಲ್ಲಿ ಗೊತ್ತಾಗುತ್ತದೆ. ಆಗ ಕರುವನ್ನು ಎಳೆದು ಪಕ್ಕಕ್ಕೆ ಕಟ್ಟಿ, ಕೆಚ್ಚಲು ತೊಳೆದು, ತಂಬಿಗೆ ಹಿಡಿದು ಕೂರಬೇಕು. ಕರುವಿಗೆಂದು ಒಂದು ಮೊಲೆಯ ಹಾಲನ್ನು ಬಿಡುವುದು ಹಳೆಯ ಕ್ರಮ.

ಹಾಲು ಕರೆದ ಕೂಡಲೇ ದನದ ಮುಂದೆ ಹುಲ್ಲು ಹಾಕುವುದು ರೂಢಿ. ಇದರ ಹಿಂದೆ ಒಂದು ಗುಟ್ಟಿದೆ. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ದನ ಒದ್ದೆ ನೆಲದಲ್ಲಿ ಮಲಗಿದರೆ ರೋಗಾಣು ಒಳಸೇರಿ ಕೆಚ್ಚಲು ಬಾವು ಬರುವ ಅಪಾಯ ಹೆಚ್ಚು. ಹುಲ್ಲು ತಿನ್ನುತ್ತಿದ್ದರೆ ದನ ನಿಂತೇ ಇರುತ್ತದೆ. ಪಶುವೈದ್ಯರು ಈಗ ಹೇಳುವ ಮಾತನ್ನು ಹಿರಿಯರು ಕೈಯಭ್ಯಾಸದಿಂದಲೇ ನಡೆಸಿಕೊಂಡು ಬಂದಿದ್ದರು.

ಆರೂವರೆ, ಏಳರ ಹೊತ್ತಿಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆಯಬೇಕು. ದಕ್ಷಿಣ ಕನ್ನಡ ಸಹಕಾರಿ ಹಾಲು ಒಕ್ಕೂಟ 1986ರಲ್ಲಿ ಸ್ಥಾಪನೆಯಾದ ನಂತರ ಎರಡೂ ಜಿಲ್ಲೆಗಳ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರಿ ಸಂಘಗಳು ಬೆಳೆದವು. ಹಾಲನ್ನು ಅಳೆದು, ಕೊಬ್ಬಿನ ಅಂಶ ನೋಡಿ, ಪುಸ್ತಕದಲ್ಲಿ ಬರೆದುಕೊಡುತ್ತಾರೆ. ಡೈರಿಯ ಆ ಹತ್ತು ನಿಮಿಷ ಹಳ್ಳಿಯ ವಾರ್ತೆಯ ಹೊತ್ತೂ ಹೌದು. ಯಾರ ಮನೆಯ ದನ ಕರು ಹಾಕಿತು, ಯಾರ ಮಗನಿಗೆ ಹೆಣ್ಣು ನಿಶ್ಚಯವಾಯಿತು, ಯಾರು ಮುಂಬಯಿಯಿಂದ ಬಂದಿದ್ದಾರೆ ಎಂಬ ಸುದ್ದಿ ಅಲ್ಲಿಯೇ ಸಿಗುವುದು. ಒಬ್ಬಂಟಿಯಾಗಿರುವ ಹಿರಿಯರೊಬ್ಬರು ಎರಡು ದಿನ ಡೈರಿಗೆ ಬಾರದಿದ್ದರೆ ಮೂರನೇ ದಿನ ಯಾರಾದರೂ ಮನೆಯ ಬಾಗಿಲಿಗೆ ಬಂದು ಕರೆಯುತ್ತಾರೆ. ಮುಂಬಯಿಯ ಮಕ್ಕಳಿಗೆ ಇದು ದೂರವಾಣಿಗಿಂತ ಹೆಚ್ಚಿನ ಧೈರ್ಯ.

ಹಗಲಿಗೆ ಹುಲ್ಲು ಹೆರೆಯುವುದು, ದನಗಳನ್ನು ಗುಡ್ಡೆಗೋ ಗದ್ದೆಯ ಬದಿಗೋ ಕಟ್ಟುವುದು, ಮಧ್ಯಾಹ್ನ ನೀರು ಕುಡಿಸುವುದು. ಸಂಜೆ ಮತ್ತೆ ಬಾಚುವುದು, ಕರೆಯುವುದು, ಡೈರಿ. ರಾತ್ರಿ ಎಂಟಕ್ಕೆ ಹುಲ್ಲು ಹಾಕಿ, ಕೋಳಿಗೂಡಿನ ಬಾಗಿಲು ಭದ್ರವಾಗಿದೆಯೇ ಎಂದು ನೋಡಿ ಬಂದರೆ ದಿನ ಮುಗಿಯಿತು. ಭಾನುವಾರ, ಹಬ್ಬ, ಜ್ವರ, ಮದುವೆ ಎಂಬ ರಜೆ ಇಲ್ಲ. ಸಂಬಂಧಿಕರ ಮನೆಯ ಮದುವೆಯಲ್ಲಿ ಊಟ ಮುಗಿದ ಕೂಡಲೇ ಕೈತೊಳೆದು ಹೊರಟು ನಿಂತ ಹೆಂಗಸನ್ನು ಯಾರೂ ತಡೆಯುವುದಿಲ್ಲ. 'ಹಟ್ಟಿ ಉಂಟಲ್ಲ' ಎಂದರೆ ಸಾಕು.

ಗಿಡ್ಡ ದನದ ದೊಡ್ಡ ಗುಣ

ಹಿಂದೆ ಕರಾವಳಿಯ ಹಟ್ಟಿಗಳಲ್ಲಿ ಇದ್ದದ್ದು ಊರ ದನ. ಮಲೆನಾಡು ಗಿಡ್ಡ ಎಂದು ಈಗ ಪ್ರಸಿದ್ಧವಾಗಿರುವ ತಳಿಯಿದು. ಸುಮಾರು ಮೂರಡಿ ಎತ್ತರ, ನೂರು, ನೂರಿಪ್ಪತ್ತು ಕಿಲೋ ತೂಕ. ಹಾಲು ದಿನಕ್ಕೆ ಒಂದರಿಂದ ಮೂರು ಲೀಟರು. ವರ್ಷಕ್ಕೊಂದು ಕರು ಹಾಕುವುದರಿಂದ 'ವರ್ಷಗಂಧಿ' ಎಂಬ ಹೆಸರೂ ಉಂಟು. ಧೋ ಎಂದು ಸುರಿಯುವ ಆಷಾಢದ ಮಳೆಯಲ್ಲೂ ಗುಡ್ಡೆ ಹತ್ತಿ ಮೇದು, ಸಂಜೆ ತಾನಾಗಿಯೇ ಹಟ್ಟಿಗೆ ಬರುವ ಜೀವ ಅದು. ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ.

ಡೈರಿಗಳು ಬಂದ ಮೇಲೆ ಜೆರ್ಸಿ ಮತ್ತು ಎಚ್‌ಎಫ್ ಮಿಶ್ರತಳಿಯ ದನಗಳು ಬಂದವು. ಹತ್ತು, ಹನ್ನೆರಡು ಲೀಟರು ಹಾಲು ಕೊಡುವ ದನ ಮನೆಗೆ ಬಂದದ್ದರಿಂದ ಶಾಲೆಯ ಫೀಸು, ಸಾಲದ ಕಂತು, ಮಗಳ ಮದುವೆಗೆ ದಾರಿಯಾಯಿತು. ರಾಜ್ಯ ಸರಕಾರ 2008ರಲ್ಲಿ ಲೀಟರಿಗೆ 2 ರೂ.ಗಳಂತೆ ಆರಂಭಿಸಿದ ಪ್ರೋತ್ಸಾಹಧನ ಮುಂದೆ 5 ರೂ.ಗಳಿಗೆ ಏರಿತು. ಹೆಂಗಸರ ಹೆಸರಿನ ಬ್ಯಾಂಕು ಖಾತೆಗೆ ಹಾಲಿನ ಹಣ ಬೀಳತೊಡಗಿದ್ದು ಸಣ್ಣ ಬದಲಾವಣೆಯೇನಲ್ಲ.

ಆದರೆ ಮಿಶ್ರತಳಿಯ ದನ ಗುಡ್ಡೆ ಹತ್ತುವುದಿಲ್ಲ. ಅದಕ್ಕೆ ತಂಪಾದ ಹಟ್ಟಿ ಬೇಕು, ಹಸಿಹುಲ್ಲು ಬೇಕು, ಚೀಲದ ಹಿಂಡಿ ಬೇಕು, ದಿನಕ್ಕೆ ಐವತ್ತು, ಅರುವತ್ತು ಲೀಟರು ನೀರು ಬೇಕು. ಹಾಲು ಹೆಚ್ಚಿದಷ್ಟು ಕಾಯಿಲೆಯೂ ಹೆಚ್ಚು. ಕರು ಹಾಕಿದ ಒಂದೆರಡು ದಿನಗಳಲ್ಲಿ ದನ ಏಳಲಾರದೆ ಕುತ್ತಿಗೆ ಮಡಚಿ ಮಲಗಿತೆಂದರೆ ಅದು ಹಾಲು ಜ್ವರ. ಹೆಸರು ಜ್ವರವಾದರೂ ಮೈ ತಣ್ಣಗಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಹೋಗುವುದೇ ಕಾರಣ. ವೈದ್ಯರು ಬಂದು ನರಕ್ಕೆ ಕ್ಯಾಲ್ಸಿಯಂ ಏರಿಸಿದರೆ ಕೆಲವೇ ಹೊತ್ತಿನಲ್ಲಿ ದನ ಎದ್ದು ನಿಲ್ಲುತ್ತದೆ. ತಡವಾದರೆ ಮಾತ್ರ ಜೀವಕ್ಕೇ ಅಪಾಯ. ಒಬ್ಬಂಟಿ ಅಜ್ಜಿಯೊಬ್ಬರು ಮಧ್ಯರಾತ್ರಿ ಇಂಥ ದನದ ಮುಂದೆ ಟಾರ್ಚು ಹಿಡಿದು ಕೂತಿದ್ದಾಗ, ಮುಂಬಯಿಯ ಮಗ ಫೋನಿನಲ್ಲಿ ವೈದ್ಯರ ನಂಬರು ಹುಡುಕುವುದು ಊರಿಗೆ ಊರೇ ಬಲ್ಲ ಸಂಗತಿ.

2019ರ ರಾಷ್ಟ್ರೀಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ನಾಟಿ ದನಗಳ ಸಂಖ್ಯೆ 2012ಕ್ಕೆ ಹೋಲಿಸಿದರೆ ಶೇ. 6ರಷ್ಟು ಇಳಿದಿದ್ದು, ಮಿಶ್ರತಳಿಗಳ ಸಂಖ್ಯೆ ಏರಿದೆ. ಹಟ್ಟಿಯಲ್ಲಿ ಯಾವ ದನ ಇರಬೇಕು ಎಂಬುದು ಆ ಹಟ್ಟಿಯಲ್ಲಿ ದುಡಿಯುವ ಕೈಗಳು ಎಷ್ಟು ಎಂಬುದನ್ನೇ ಅವಲಂಬಿಸಿದೆ. ಇಬ್ಬರು ಗಟ್ಟಿಮುಟ್ಟಾದವರು ಇರುವ ಮನೆಗೆ ಮಿಶ್ರತಳಿ ಲಾಭ ತರಬಹುದು. ಎಪ್ಪತ್ತರ ತಾಯಿ ಒಬ್ಬರೇ ಇರುವ ಮನೆಗೆ ಗಿಡ್ಡ ದನವೇ ಸರಿಯಾದ ಜತೆ.

ಕೋಳಿ, ನಾಯಿ, ಬೆಕ್ಕು

ಹಟ್ಟಿಯ ಹಾಲು ಮನೆಯ ಲೆಕ್ಕಕ್ಕೆ ಸೇರಿದರೆ, ಕೋಳಿಯ ಹಣ ಹಿಂದಿನಿಂದಲೂ ಮನೆಯೊಡತಿಯ ಸ್ವಂತದ್ದು. ಊರ ಕೋಳಿ ಹನ್ನೆರಡು, ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಇಪ್ಪತ್ತೊಂದನೇ ದಿನ ಮರಿ ಹೊರಬರುತ್ತದೆ. ಕಾವಿಗೆ ಇಡುವ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುವುದು, ಬುಟ್ಟಿಗೆ ಭತ್ತದ ಹೊಟ್ಟು ಹಾಸುವುದು, ಮರಿಗಳಿಗೆ ಮೊದಲ ದಿನಗಳಲ್ಲಿ ನುಚ್ಚು ಚೆಲ್ಲುವುದು ಎಲ್ಲವೂ ಒಂದು ಕಲೆ. ಹತ್ತು ಮರಿ ಹೊರಬಂದರೆ ಕಾಗೆ, ಗಿಡುಗ, ಮುಂಗುಸಿ, ಕಾಡುಬೆಕ್ಕಿನ ಪಾಲು ಕಳೆದು ನಾಲ್ಕೈದು ಉಳಿದರೆ ಭಾಗ್ಯ. ಮುಂಬಯಿಯಿಂದ ಮಕ್ಕಳು ಬರುವ ದಿನ ನೋಡಿಕೊಂಡೇ ಒಂದು ಹುಂಜ ಅಂಗಳದಲ್ಲಿ ಕೊಬ್ಬಿರುತ್ತದೆ. ಊರ ಕೋಳಿ ಸುಕ್ಕ, ಕೋರಿರೊಟ್ಟಿಯ ರುಚಿಯ ಹಿಂದೆ ತಿಂಗಳುಗಟ್ಟಲೆ ಕಾದ ಕಣ್ಣುಗಳಿವೆ.

ನಾಯಿ ಅಲಂಕಾರಕ್ಕೆ ಇರುವುದಲ್ಲ. ರಾತ್ರಿ ಗದ್ದೆಗೆ ಇಳಿಯುವ ಕಾಡುಹಂದಿ, ತೆಂಗಿನ ಮರಕ್ಕೆ ಹತ್ತುವ ಮಂಗ, ಬೇಲಿಯೊಳಗೆ ಬರುವ ಹಾವು ಎಲ್ಲದಕ್ಕೂ ಅದರ ಬೊಗಳು ಬೇರೆ ಬೇರೆ. ಮನೆಯವರಿಗೆ ಆ ವ್ಯತ್ಯಾಸ ಕೇಳಿಯೇ ಗೊತ್ತು. ಕಾಡಂಚಿನ ಊರುಗಳಲ್ಲಿ ಚಿರತೆ ಮೊದಲು ಎತ್ತುವುದೂ ನಾಯಿಯನ್ನೇ. ಬೆಕ್ಕಿಗೆ ಭತ್ತದ ಕಣಜ ಕಾಯುವ ಕೆಲಸ. ಹಾಲು ಕರೆಯುವ ಹೊತ್ತಿಗೆ ತಂಬಿಗೆಯ ಬದಿಯಲ್ಲಿ ಬಂದು ಕೂರುವುದು ಅದರ ಸಂಬಳ.

ಕರು ಹಾಕಿದ ಮನೆ, ಗೋಪೂಜೆಯ ದಿನ

ದನ ಗಬ್ಬ ನಿಂತು ಒಂಬತ್ತು ತಿಂಗಳು ಹತ್ತು ದಿನಕ್ಕೆ ಕರು ಹಾಕುತ್ತದೆ. ಎಮ್ಮೆಗೆ ಹತ್ತು ತಿಂಗಳು. ದಿನ ಹತ್ತಿರವಾದಂತೆ ಮನೆಯವರಿಗೆ ನಿದ್ದೆಯಿಲ್ಲ. ಕರು ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ಒರಸಿ ತಾಯಿಯ ಮುಂದೆ ಇಡುತ್ತಾರೆ. ದನ ನೆಕ್ಕಿ ನೆಕ್ಕಿ ಅದನ್ನು ಎಬ್ಬಿಸುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕರು ಗಿಣ್ಣು ಹಾಲು ಕುಡಿಯಲೇಬೇಕು. ಕರುವಿಗೆ ರೋಗ ತಡೆಯುವ ಶಕ್ತಿ ಬರುವುದು ಆ ಹಾಲಿನಿಂದ ಮಾತ್ರ. ದಿನ ಕಳೆದಂತೆ ಅದನ್ನು ಹೀರಿಕೊಳ್ಳುವ ಸಾಮರ್ಥ್ಯ ಕರುವಿನ ಕರುಳಿಗೆ ಇರುವುದಿಲ್ಲ. ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಬೆಲ್ಲ, ಏಲಕ್ಕಿ ಸೇರಿ ಗಿಣ್ಣಾಗಿ ನೆರೆಮನೆಗೆ ಹೋಗುತ್ತದೆ. ಆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಕ್ರಮವಿಲ್ಲ.

ದೀಪಾವಳಿಯ ಗೋಪೂಜೆಯಂದು ಹಟ್ಟಿಯೇ ದೇವರ ಕೋಣೆ. ದನಗಳಿಗೆ ಮೀಯಿಸಿ, ಕೊಂಬಿಗೆ ಎಣ್ಣೆ ಹಚ್ಚಿ, ಕೊರಳಿಗೆ ಗೊಂಡೆ ಹೂವಿನ ಮಾಲೆ ಹಾಕಿ, ಮೈಮೇಲೆ ಶೇಡಿಯ ಬಿಳಿ ವೃತ್ತಗಳನ್ನು ಒತ್ತುತ್ತಾರೆ. ದೀಪ ತೋರಿಸಿ, ಅವಲಕ್ಕಿ, ದೋಸೆ, ಬೆಲ್ಲ ತಿನ್ನಿಸುತ್ತಾರೆ. ವರ್ಷವಿಡೀ ದುಡಿದ ಜೀವಕ್ಕೆ ಮನೆಯವರು ಕೈಮುಗಿಯುವ ದಿನ ಅದು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ಹೆದರುತ್ತಾ ಕೈಯಲ್ಲಿ ದೋಸೆ ಹಿಡಿದು, ದನದ ಒರಟು ನಾಲಗೆ ತಾಗಿದೊಡನೆ ಕಿರುಚಿ ಓಡುವ ದೃಶ್ಯ ಈಗ ಮೊಬೈಲಿನಲ್ಲಿ ಕುಟುಂಬದ ಎಲ್ಲರಿಗೂ ತಲುಪುತ್ತದೆ.

ಹಟ್ಟಿ ಬರಿದಾಗುವುದೇಕೆ?

ಹಟ್ಟಿಗಳು ಒಂದೇ ದಿನದಲ್ಲಿ ಬರಿದಾಗಿಲ್ಲ. ಮೊದಲು ಟಿಲ್ಲರ್ ಬಂದು ಉಳುವ ಎತ್ತು, ಕೋಣಗಳು ಹೋದವು. ಇಂದು ಕೋಣಗಳನ್ನು ಕಾಣುವುದು ಹೆಚ್ಚಾಗಿ ಕಂಬಳದ ಯಜಮಾನರ ಮನೆಗಳಲ್ಲಿ. ಮತ್ತೆ ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಗದ್ದೆಗಳಲ್ಲಿ ಒಂದೇ ಬೆಳೆ ಉಳಿಯಿತು. ಕೆಲವು ಹಡಿಲು ಬಿದ್ದವು, ಕೆಲವು ಅಡಿಕೆ ತೋಟವಾದವು. ಅದರೊಂದಿಗೆ ಅಂಗಳದ ಬೈಹುಲ್ಲಿನ ಕುತ್ರಿಯೂ ಮಾಯವಾಯಿತು. ಈಗ ಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರಬೇಕು. ದನ ಮೇಯುತ್ತಿದ್ದ ಗುಡ್ಡೆಗಳಲ್ಲಿ ಅಕೇಶಿಯಾ, ರಬ್ಬರು, ಮನೆ ಸೈಟುಗಳು ಎದ್ದವು. ಹಾಲು ಉತ್ಪಾದನೆಯ ಖರ್ಚಿನಲ್ಲಿ ದೊಡ್ಡ ಪಾಲು ಮೇವು, ಹಿಂಡಿಗೇ ಹೋಗುವಾಗ, ಎಲ್ಲವನ್ನೂ ಕೊಂಡು ಹಾಕುವ ಮನೆಗೆ ಉಳಿಯುವುದು ಸೆಗಣಿ ಮಾತ್ರ ಎಂಬ ಮಾತಿನಲ್ಲಿ ಸತ್ಯವಿದೆ.

ಗಂಡು ಕರುವಿನ ಸಮಸ್ಯೆ ಬೇರೆ. ಉಳುಮೆ ಇಲ್ಲದ ಮೇಲೆ ಅದಕ್ಕೆ ಕೆಲಸವಿಲ್ಲ. ಹಾಲು ಬತ್ತಿದ ಮುದಿ ದನಗಳನ್ನು ಸಾಕುವ ಭಾರವೂ ಮನೆಯ ಮೇಲೆಯೇ ಬೀಳುತ್ತದೆ. 2021ರಲ್ಲಿ ರಾಜ್ಯದಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು ಇನ್ನಷ್ಟು ಬಿಗಿಯಾದ ಬಳಿಕ, ಸಣ್ಣ ಹಿಡುವಳಿದಾರರು ದನ ಕಟ್ಟುವ ಮೊದಲೇ ಅದರ ಕೊನೆಗಾಲದ ಮೇವಿನ ಲೆಕ್ಕವನ್ನೂ ಹಾಕಬೇಕಾಗಿದೆ. ಹೆಣ್ಣು ಕರುವೇ ಹುಟ್ಟುವ ಸಾಧ್ಯತೆಯನ್ನು ಸುಮಾರು ಶೇ. 90ಕ್ಕೆ ಏರಿಸುವ ಲಿಂಗ ನಿರ್ಧರಿತ ವೀರ್ಯನಳಿಕೆಗಳು ಈಗ ಲಭ್ಯವಿರುವುದು ಸಮಸ್ಯೆಯ ಒಂದು ಭಾಗಕ್ಕೆ ಪರಿಹಾರ.

2022ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಹರಡಿದ ಚರ್ಮಗಂಟು ರೋಗ ಇನ್ನೊಂದು ಪೆಟ್ಟು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ಈ ರೋಗದಲ್ಲಿ ಮೈತುಂಬ ಗಂಟುಗಳೆದ್ದು, ಜ್ವರ ಬಂದು, ಹಾಲು ಒಮ್ಮೆಗೇ ಇಳಿಯುತ್ತದೆ. ಹಟ್ಟಿಯಲ್ಲಿ ಬೇವಿನ ಹೊಗೆ ಹಾಕುತ್ತಾ, ಹುಣ್ಣಿಗೆ ಅರಸಿನ ಹಚ್ಚುತ್ತಾ ಕಾದ ಮನೆಗಳು ಅನೇಕ. ಸತ್ತ ದನದ ಕಂಬಕ್ಕೆ ಮತ್ತೊಂದನ್ನು ತಂದು ಕಟ್ಟುವ ಮನಸ್ಸು ಎಲ್ಲರಿಗೂ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಮಾತ್ರ ಮುಂಬಯಿ, ಬೆಂಗಳೂರು, ಗಲ್ಫ್‌ನಲ್ಲಿ ಕುಳಿತಿದೆ. ಹಟ್ಟಿಗೆ ಇಳಿಯಬೇಕಾದ ಕಾಲುಗಳು ಊರಿನಲ್ಲಿ ಇಲ್ಲ.

ಮಾರುವುದೋ, ಉಳಿಸುವುದೋ?

ತಾಯಿಯ ಮೊಣಗಂಟು ನೋವು, ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ, ಹಟ್ಟಿಯ ಜಾರುವ ಕಲ್ಲು, ಒಮ್ಮೆ ದನ ತಳ್ಳಿದರೆ ಸೊಂಟದ ಮೂಳೆ ಮುರಿಯುವ ವಯಸ್ಸು. ಇವನ್ನೆಲ್ಲ ನೆನೆದು 'ದನ ಕೊಟ್ಟುಬಿಡಿ ಅಮ್ಮ, ಹಾಲು ಪ್ಯಾಕೆಟ್ ತರಿಸಿದರಾಯಿತು' ಎಂದು ಮಕ್ಕಳು ಹೇಳುವುದರಲ್ಲಿ ತಪ್ಪೇನಿಲ್ಲ. ಆ ಮಾತು ಪ್ರೀತಿಯಿಂದಲೇ ಬಂದದ್ದು. ಆದರೆ ಬೆಳಗ್ಗೆ ಐದಕ್ಕೆ ಏಳಲು ಒಂದು ಕಾರಣ, ದಿನಕ್ಕೆರಡು ಸಲ ಡೈರಿಗೆ ನಡೆಯುವ ನೆಪ, ಕೈಯಲ್ಲಿ ಸ್ವಂತದ ಹಣ, ಕರೆದರೆ ಓಗೊಡುವ ಒಂದು ಜೀವ, ಇಷ್ಟನ್ನೂ ಒಮ್ಮೆಗೇ ತೆಗೆದುಹಾಕಿದರೆ ಹಿರಿಯರಿಗೆ ಉಳಿಯುವುದೇನು ಎಂಬುದನ್ನೂ ಕೇಳಿಕೊಳ್ಳಬೇಕು. ದನ ಕೊಟ್ಟ ಮೇಲೂ ಬೆಳಗ್ಗೆ ಐದಕ್ಕೇ ಎಚ್ಚರವಾಗಿ, ಬರಿದಾದ ಹಟ್ಟಿಯ ಕಡೆ ಹೋಗಿ ಬರುವ ತಾಯಂದಿರು ಊರಿನಲ್ಲಿದ್ದಾರೆ.

ಹಾಗೆಂದು ಊರಿನ ನೆನಪು ಚೆನ್ನಾಗಿರಲಿ ಎಂಬ ಮಕ್ಕಳ ಆಸೆಗಾಗಿ ಹಿರಿಯರು ಸೆಗಣಿ ಬಾಚುತ್ತಾ ಇರಬೇಕೆಂಬುದೂ ನ್ಯಾಯವಲ್ಲ. ವರ್ಷಕ್ಕೆ ಹತ್ತು ದಿನ ಬಂದು ಹಸುವಿನ ತುಪ್ಪ ಹೊತ್ತೊಯ್ಯುವವರು ಉಳಿದ ಮುನ್ನೂರೈವತ್ತೈದು ದಿನಗಳ ಲೆಕ್ಕವನ್ನೂ ನೋಡಬೇಕು. ಆದುದರಿಂದ ತೀರ್ಮಾನ ಫೋನಿನಲ್ಲಿ ಆಗತಕ್ಕದ್ದಲ್ಲ. ಊರಿಗೆ ಹೋದಾಗ ಎರಡು ದಿನ ತಾಯಿಯ ಜತೆ ಬೆಳಗ್ಗೆ ಐದಕ್ಕೆ ಎದ್ದು ಹಟ್ಟಿಗೆ ಇಳಿದು ನೋಡಿದರೆ, ಎಷ್ಟು ಕೆಲಸ ಅವರಿಂದ ಆಗುತ್ತದೆ, ಎಲ್ಲಿ ಕೈ ಸೋಲುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಆಮೇಲೆ ಕೊನೆಯ ಮಾತು ಅವರದ್ದೇ ಆಗಿರಲಿ.

ದೂರದಿಂದಲೇ ಮಾಡಬಹುದಾದ ಸೇವೆ

ಉಳಿಸಿಕೊಳ್ಳುವುದೆಂದು ನಿಶ್ಚಯಿಸಿದ ಮನೆಗಳಿಗೆ ಮುಂಬಯಿಯಿಂದಲೇ ಮಾಡಬಹುದಾದ ಕೆಲಸ ಬಹಳಷ್ಟಿದೆ. ಮೊದಲನೆಯದು ಸಂಖ್ಯೆ ಇಳಿಸುವುದು. ನಾಲ್ಕು ದನಗಳ ಬದಲು ಒಂದು ದನ, ಒಂದು ಕರು ಸಾಕು. ಒಂಟಿ ದನ ಬೇಸರಪಡುತ್ತದೆ, ಜತೆಯೊಂದು ಇರಲಿ ಎಂಬ ಹಿರಿಯರ ಮಾತಿಗೂ ಬೆಲೆಯಿದೆ.

ಎರಡನೆಯದು ಹಟ್ಟಿಯ ನೆಲ. ಜಾರದ ಹಾಗೆ ಒರಟು ಸಿಮೆಂಟು, ಗಂಜಲ ಹರಿಯಲು ಸಣ್ಣ ಇಳಿಜಾರು, ದನಕ್ಕೆ ರಬ್ಬರ್ ಮ್ಯಾಟ್, ಹಿಡಿದು ನಡೆಯಲು ಗೋಡೆಗೊಂದು ಕಬ್ಬಿಣದ ಸರಳು, ಮನೆಯಿಂದ ಹಟ್ಟಿಯವರೆಗೆ ಮಾಡು ಮತ್ತು ದೀಪ, ಬಾನಿಯ ಪಕ್ಕಕ್ಕೇ ನಳ್ಳಿ. ಊರಿನ ಮನೆಗೆ ಟೈಲ್ಸು ಹಾಕಿಸುವ ಮೊದಲು ಈ ಕೆಲಸ ಆಗಬೇಕು. ಹಿರಿಯರು ಬೀಳುವುದು ಹೆಚ್ಚಾಗಿ ಈ ಹತ್ತು ಮಾರು ದಾರಿಯಲ್ಲಿಯೇ.

ಮೂರನೆಯದು ಮೇವು. ಮಳೆಗಾಲ ಹಿಡಿಯುವ ಮೊದಲೇ ವರ್ಷದ ಬೈಹುಲ್ಲು ಒಣ ಜಾಗದಲ್ಲಿ ಸೇರಿರಬೇಕು. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವವರು ಈ ಒಂದು ಕೆಲಸ ಮುಗಿಸಿ ಬಂದರೆ ಅರ್ಧ ಭಾರ ಇಳಿದಂತೆ. ತೋಟದ ಬದಿಯಲ್ಲಿ ಐದು ಸೆಂಟ್ಸ್ ಜಾಗದಲ್ಲಿ ನೇಪಿಯರ್ ಹುಲ್ಲು ನೆಟ್ಟರೆ ಹಸಿಮೇವಿಗೆ ಗುಡ್ಡೆ ಹತ್ತಬೇಕಾಗಿಲ್ಲ.

ನಾಲ್ಕನೆಯದು ಆರೋಗ್ಯ. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸುವುದು ಅಗತ್ಯ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಲಸಿಕೆ ಉಚಿತ. ಹನ್ನೆರಡು ಅಂಕೆಗಳ ಕಿವಿಯೋಲೆ ಇದ್ದರೆ ವಿಮೆಗೂ ದಾರಿಯಾಗುತ್ತದೆ. ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಈ ಅಂಕೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಟ್ಟಿಯ ಬಾಗಿಲಲ್ಲಿ ಅಂಟಿಸಿದರೆ ಮಧ್ಯರಾತ್ರಿ ಹುಡುಕಾಟ ತಪ್ಪುತ್ತದೆ.

ಐದನೆಯದು ನೆರೆಹೊರೆ. ಪಕ್ಕದ ಮನೆಯ ಯಾರಾದರೂ ಬೆಳಗ್ಗೆ, ಸಂಜೆ ಬಂದು ಕರೆದು ಕೊಟ್ಟು, ಹಾಲಿನಲ್ಲಿ ಪಾಲು ಪಡೆಯುವ ಒಪ್ಪಂದ ಹಲವೆಡೆ ನಡೆಯುತ್ತಿದೆ. ಇಬ್ಬರಿಗೂ ಇದರಿಂದ ಒಳಿತು. ತಾಯಿಗೆ ನಾಲ್ಕು ದಿನ ಮಗನ ಮನೆಗೆ ಹೋಗಿ ಬರಲು ಬಿಡುವು ಸಿಗುತ್ತದೆ, ನೆರೆಮನೆಗೆ ಹುಲ್ಲಿನ ಖರ್ಚಿಲ್ಲದೆ ಹಾಲು ಸಿಗುತ್ತದೆ. ಮುಂಬಯಿಗೆ ಬಂದ ತಾಯಿ ದಿನಾ ಸಂಜೆ ಫೋನು ಮಾಡಿ ಮೊದಲು ವಿಚಾರಿಸುವುದು ದನದ ಯೋಗಕ್ಷೇಮವನ್ನೇ ಎಂಬುದು ಬೇರೆ ಮಾತು.

ಸಂಘಗಳ ಪಾಲೂ ಇದೆ

ಮಹಾನಗರದ ಕನ್ನಡ ಸಂಘ, ಸಂಸ್ಥೆಗಳು ಹುಟ್ಟೂರಿನ ಶಾಲೆಗಳಿಗೆ, ದೇವಸ್ಥಾನಗಳ ಜೀರ್ಣೋದ್ಧಾರಕ್ಕೆ, ವಿದ್ಯಾರ್ಥಿ ವೇತನಕ್ಕೆ ನೀಡುತ್ತ ಬಂದ ಕೊಡುಗೆ ಎಲ್ಲರಿಗೂ ತಿಳಿದದ್ದು. ಅದೇ ರೀತಿ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಒಂದು ಹುಲ್ಲು ಕತ್ತರಿಸುವ ಯಂತ್ರ, ಪಶುವೈದ್ಯ ಶಿಬಿರಕ್ಕೊಂದು ದಿನದ ಖರ್ಚು, ಒಂಟಿ ಹಿರಿಯರ ಮನೆಗಳಿಗೆ ಮಳೆಗಾಲದ ಹುಲ್ಲು ಇಂಥ ಸಣ್ಣ ಕೆಲಸಗಳನ್ನೂ ವಾರ್ಷಿಕ ಯೋಜನೆಯಲ್ಲಿ ಸೇರಿಸಿಕೊಳ್ಳಬಹುದು. ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ಭಾಷೆ, ಯಕ್ಷಗಾನ, ಕುಣಿತ ಭಜನೆಗಳನ್ನು ಕಲಿಸುವಂತೆ, ಹಟ್ಟಿಯಲ್ಲಿ ಒಂದು ಬೆಳಗ್ಗೆ ಕಳೆಯುವುದನ್ನೂ ಕಲಿಸಿದರೆ ಹಾಲು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಮಕ್ಕಳು ಪ್ಯಾಕೆಟಿನಿಂದ ಎಂದು ಉತ್ತರಿಸಲಾರರು. ಕೊಟ್ಟಿಗೆ, ಗಿಣ್ಣು, ತೌಡು, ಅಕ್ಕಚ್ಚು, ಸೊರ, ಕೆಚ್ಚಲು ಎಂಬ ಮಾತುಗಳು ಪುಸ್ತಕದಿಂದ ಉಳಿಯುವಂಥವಲ್ಲ. ಹಟ್ಟಿ ಹೋದ ದಿನ ಆ ಶಬ್ದಗಳೂ ಹೋಗುತ್ತವೆ.

ಎಲ್ಲ ಹಟ್ಟಿಗಳೂ ಉಳಿಯಲಾರವು. ಕೆಲವು ಮನೆಗಳಲ್ಲಿ ದನಗಳನ್ನು ಸಾಕುವ ಬೇರೆ ಮನೆ ನೋಡಿ ಕೊಟ್ಟು, ತಾಯಿಯನ್ನು ನೆಮ್ಮದಿಯಿಂದ ಕರೆದುಕೊಂಡು ಬರುವುದೇ ಸರಿಯಾದ ದಾರಿ. ಕೊಡುವಾಗ ಹಗ್ಗವನ್ನು ಕೊಡದೆ ಮನೆಯಲ್ಲೇ ಇಟ್ಟುಕೊಳ್ಳುವ ಪದ್ಧತಿ ಕೆಲವೆಡೆ ಇದೆ. ಮತ್ತೊಮ್ಮೆ ದನ ಕಟ್ಟುವ ಭಾಗ್ಯ ಆ ಮನೆಗೆ ಬರಲಿ ಎಂಬ ಹಾರೈಕೆ ಅದರ ಹಿಂದಿದೆ. ಉಳಿಯಬಹುದಾದ ಹಟ್ಟಿಗಳಿಗಾದರೂ ಮುಂದಿನ ಮಳೆಗಾಲಕ್ಕೆ ಮೊದಲು ಒಂದು ಲೋಡು ಹುಲ್ಲು, ಜಾರದ ನೆಲ, ಹತ್ತಿರದಲ್ಲೊಬ್ಬ ಸಹಾಯಕ ಇವನ್ನು ಒದಗಿಸಿಕೊಡುವುದು ಹೊರನಾಡಿನ ಮಕ್ಕಳ ಕೈಯಲ್ಲಿದೆ.